ದನಿ ಕೊಟ್ಟವರು, ದನಿ ಇಟ್ಟುಕೊಂಡವರು

(ಮೈಸೂರಿನಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೈಕನ್ನು ತಟ್ಟಿ ನೋಡದೆ ಮಾತು ಶುರು ಮಾಡುತ್ತಿದ್ದೇನೆ. ಬಾನುಲಿಗೆ ಸೇರಿದ ಮೊದಲ ದಿನ ಹಿರಿಯ ಇಂಜಿನಿಯರ್ ಒಬ್ಬರು ಹೇಳಿಕೊಟ್ಟ ಪಾಠ ಅದು: ಮೈಕನ್ನು ತಟ್ಟಬಾರದು, ಊದಬಾರದು, ಅದರ ಮುಖಕ್ಕೆ ಬಾಯಿಟ್ಟು ‘ಹಲೋ ಹಲೋ’ ಎನ್ನಬಾರದು. ಆಮೇಲಿನ ಮೂವತ್ತೊಂದು ವರ್ಷ ಅದನ್ನು ತಪ್ಪದೆ ಪಾಲಿಸಿದೆ. ಯಾರೂ ಹೇಳಿಕೊಡದೆ ಹೋದ ಇನ್ನೊಂದು ಪಾಠವಿತ್ತು. ಅದು ತಿಳಿಯುವ ಹೊತ್ತಿಗೆ ನಿವೃತ್ತನಾಗಿದ್ದೆ.

ನಿಮ್ಮ ಅಧ್ಯಾಪಕರು ಕೊಟ್ಟ ವಿಷಯ, ಬೇರೆ ದೇಶಗಳ ಮೂಲನಿವಾಸಿಗಳು ನಡೆಸುವ ಪಾಡ್‌ಕಾಸ್ಟ್‌ಗಳು. ಎರಡು ವರ್ಷದ ಹಿಂದೆ ಕರೆದಿದ್ದರೆ ‘ನಾನು ಸ್ಪೂಲ್ ಕಾಲದವನು, ಇದಕ್ಕೆ ಬೇರೆ ಯಾರನ್ನಾದರೂ ನೋಡಿ’ ಎಂದು ಜಾರಿಕೊಳ್ಳುತ್ತಿದ್ದೆ. ಕಳೆದ ವರ್ಷ ಒಂದು ಫೋನ್ ಬಂತು. ಹೆಗ್ಗಡದೇವನಕೋಟೆ ಕಡೆಯ ಒಂದು ಗಿರಿಜನ ಹಾಡಿಯ ಹುಡುಗಿ, ಡಿಗ್ರಿ ಓದುತ್ತಿದ್ದಾಳೆ. ‘ಸಾರ್, 1986ರಲ್ಲಿ ನೀವು ನಮ್ಮ ಹಾಡಿಗೆ ಬಂದು ಮುತ್ತಜ್ಜಿಯ ಹಾಡು ರೆಕಾರ್ಡ್ ಮಾಡಿಕೊಂಡು ಹೋದಿರಂತೆ. ಆ ಟೇಪು ಎಲ್ಲಿದೆ?’ ಅಂಗಡಿಯಲ್ಲಿ ಮರೆತುಹೋದ ಕೊಡೆಯನ್ನು ವಿಚಾರಿಸುವ ಹಾಗೆ ಕೇಳಿದಳು.

ನನಗೆ ಚೆನ್ನಾಗಿ ನೆನಪಿತ್ತು. ಕಬಿನಿ ಹಿನ್ನೀರಿನ ಆಚೆ ಜೀಪು ಹೋಗುವಷ್ಟು ದೂರ ಹೋಗಿ, ಉಳಿದದ್ದನ್ನು ನಡೆದಿದ್ದೆವು. ನನ್ನ ಹೆಗಲಿಗೆ ಉಹರ್ ರೆಕಾರ್ಡರ್. ನಿಮ್ಮಲ್ಲಿ ಯಾರೂ ಅದನ್ನು ನೋಡಿರಲಾರಿರಿ. ಜರ್ಮನಿಯ ಯಂತ್ರ, ಚರ್ಮದ ಚೀಲ, ಮೇಲೆ ಐದು ಇಂಚಿನ ಎರಡು ಸ್ಪೂಲ್. ಎರಡು ಮೈಲಿ ಹೊತ್ತು ನಡೆದರೆ ಒಂದು ಹೆಗಲು ಇನ್ನೊಂದಕ್ಕಿಂತ ಕೆಳಗಿಳಿದಿರುತ್ತಿತ್ತು. ಜೇನು ಕುರುಬರ ಆ ಅಜ್ಜಿ ಒಲೆಯ ಮುಂದೆ ಕುಳಿತು, ಮರ ಹತ್ತಿದವನಿಗಾಗಿ ಕೆಳಗೆ ನಿಂತವರು ಹಾಡುವ ಹಾಡುಗಳನ್ನು ಸುಮಾರು ನಲವತ್ತು ನಿಮಿಷ ಹಾಡಿದರು. ಮೂರು ಸ್ಪೂಲ್ ತುಂಬಿತು. ಕೇಂದ್ರಕ್ಕೆ ತಂದು ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ, ನಾಲ್ಕು ನಿಮಿಷಕ್ಕೆ ಇಳಿಸಿದೆ. ಒಂದು ಬುಧವಾರ ಸಂಜೆ ಜನಪದ ಸಂಗೀತದ ಕಾರ್ಯಕ್ರಮದಲ್ಲಿ ಪ್ರಸಾರವಾಯಿತು. ನಮಗೆ ಟೇಪಿನ ಬರ ಯಾವಾಗಲೂ ಇರುತ್ತಿತ್ತು. ಆರು ತಿಂಗಳ ಬಳಿಕ ಅಳಿಸಬಹುದಾದ ಟೇಪುಗಳ ಪಟ್ಟಿ ತಯಾರಾಯಿತು. ಆ ಮೂರೂ ಅದರಲ್ಲಿದ್ದವು. ಪಟ್ಟಿಯ ಕೆಳಗೆ ಸಹಿ ನನ್ನದೇ. ಅದರ ಮೇಲೆ ಬಹುಶಃ ಗೊಬ್ಬರದ ಬಗ್ಗೆ ಯಾರದೋ ಭಾಷಣ ರೆಕಾರ್ಡ್ ಆಗಿರಬೇಕು.

ಹುಡುಗಿಗೆ ‘ಹುಡುಕಿ ಹೇಳುತ್ತೇನಮ್ಮ’ ಎಂದೆ. ಹುಡುಕುವುದಕ್ಕೆ ಏನೂ ಇರಲಿಲ್ಲ. ಆದರೆ ಬೇರೆ ಕಡೆಯ ಜನ ತಮ್ಮ ಅಜ್ಜಿಯರ ದನಿಗಳನ್ನು ಏನು ಮಾಡಿಕೊಂಡಿದ್ದಾರೆ ಎಂಬ ಕುತೂಹಲ ಹಿಡಿಯಿತು. ಮೊಮ್ಮಗ ಮೊಬೈಲಿಗೆ ಪಾಡ್‌ಕಾಸ್ಟ್‌ನ ಆ್ಯಪ್ ಹಾಕಿಕೊಟ್ಟ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯ ಹೊತ್ತಿನಲ್ಲಿ, ಒಂದು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. ಇಂದು ಹೇಳುವುದೆಲ್ಲ ಆ ಕೆರೆ ಏರಿಯ ಮೇಲೆ ಕೇಳಿದ್ದು, ಬಂದು ಓದಿ ಖಚಿತಪಡಿಸಿಕೊಂಡದ್ದು.

ಪಾಡ್‌ಕಾಸ್ಟ್‌ಗಿಂತ ಮೊದಲು ಮೇಣದ ಕಥೆ ಹೇಳಬೇಕು.

1890ರ ಮಾರ್ಚ್ ತಿಂಗಳು. ಅಮೆರಿಕದ ಮೇನ್ ರಾಜ್ಯದಲ್ಲಿ, ಕೆನಡಾದ ಗಡಿಗೆ ಅಂಟಿಕೊಂಡ ಕ್ಯಾಲಸ್ ಎಂಬ ಊರು. ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ವಿದ್ವಾಂಸ ಎಡಿಸನ್ನನ ಫೋನೋಗ್ರಾಫ್ ಹಿಡಿದು ಅಲ್ಲಿಗೆ ಬಂದ. ಅಲ್ಲಿಯ ಮೂಲನಿವಾಸಿಗಳಾದ ಪಾಸಮಕ್ವಾಡಿ ಜನರನ್ನು ಅದರ ಕೊಳವೆಯ ಮುಂದೆ ನಿಲ್ಲಿಸಿ ಹಾಡಿಸಿದ, ಕಥೆ ಹೇಳಿಸಿದ, ಅಂಕಿಗಳನ್ನು ಹೇಳಿಸಿದ. ಯಂತ್ರ ಹೊರಗಡೆ ಕೆಲಸ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಅವನ ದೊಡ್ಡ ಯೋಜನೆ ಇದ್ದದ್ದು ನೈಋತ್ಯದ ಬೇರೆ ಬುಡಕಟ್ಟುಗಳ ಕಡೆಗೆ. ಒಂದೊಂದು ಮೇಣದ ಸಿಲಿಂಡರಿನಲ್ಲಿ ಎರಡು ಮೂರು ನಿಮಿಷದ ದನಿ. ಊರಿಗೆ ಹೋಗಿ ಜನರ ನುಡಿಯನ್ನು ಯಂತ್ರದಲ್ಲಿ ಹಿಡಿದ ಮೊದಲ ದಾಖಲೆಗಳು ಇವೇ ಎನ್ನುತ್ತಾರೆ. ಅಂದರೆ ನನ್ನ ಕಸುಬು ಹುಟ್ಟಿದ್ದೇ ಅಲ್ಲಿ. ಹುಟ್ಟುವಾಗಲೇ ಅದಕ್ಕೆ ಒಂದು ಅಭ್ಯಾಸ ಅಂಟಿಕೊಂಡಿತು: ದನಿ ಕೊಟ್ಟವರು ಊರಲ್ಲೇ ಉಳಿದರು, ದನಿ ಪೆಟ್ಟಿಗೆಯಲ್ಲಿ ಹೊರಟುಹೋಯಿತು. ಮೊದಲು ಹಾರ್ವರ್ಡ್‌ನ ವಸ್ತುಸಂಗ್ರಹಾಲಯಕ್ಕೆ, ಆಮೇಲೆ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ. ಹೆಸರುಪಟ್ಟಿಯಲ್ಲಿ ದೊಡ್ಡದಾಗಿ ಫ್ಯೂಕ್ಸ್‌ನ ಹೆಸರು.

ಕ್ಯಾಸೆಟ್ಟಿನ ಕಾಲದಲ್ಲಿ ಅವುಗಳ ಪ್ರತಿಗಳು ಒಮ್ಮೆ ಊರಿಗೆ ಬಂದವಂತೆ. ಗರಗರ ಸದ್ದಿನ ನಡುವೆ ಮಾತು ಹಿಡಿಯುವುದು ಕಷ್ಟವಾಗಿತ್ತು. ಹೊಸ ತಂತ್ರದಿಂದ ಶುಚಿ ಮಾಡಿದ ಧ್ವನಿ 2018ರಲ್ಲಿ ಲೈಬ್ರರಿಯ ಜಾಲತಾಣಕ್ಕೆ ಬಂತು, ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. ಕೇಳಿ, ಬರೆದುಕೊಂಡು, ಇದು ಯಾವ ಹಾಡು, ಯಾವ ಸಂದರ್ಭದ್ದು ಎಂದು ವಿವರ ಕೊಟ್ಟವರು ಪಾಸಮಕ್ವಾಡಿಗಳೇ. ಯಾವುದನ್ನು ಎಲ್ಲರಿಗೂ ಕೇಳಿಸಬೇಕು ಎಂದು ಹೇಳಿದವರೂ ಅವರೇ. ಒಂದೊಂದು ಧ್ವನಿಯ ಪಕ್ಕದಲ್ಲಿ ಅವರದೇ ಭಾಷೆಯ ಚೀಟಿ ಅಂಟಿಸಿದ್ದಾರೆ. ಅದರಲ್ಲಿ ಒಂದು ಚೀಟಿಯ ಅರ್ಥ, ‘ಇದು ಮಾರಾಟಕ್ಕಿಲ್ಲ’.

ನಮ್ಮಲ್ಲಿಯೂ ಇಂಥದ್ದು ನಡೆದಿದೆ. ಬ್ರಿಟಿಷ್ ಆಡಳಿತದ ಅಧಿಕಾರಿ ಗ್ರಿಯರ್ಸನ್ನನ ಭಾಷಾ ಸರ್ವೇಕ್ಷಣೆಯ ಅಂಗವಾಗಿ 1913ರಿಂದ 1929ರ ತನಕ ನಮ್ಮ ದೇಶದ ಹತ್ತಾರು ಭಾಷೆಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿದರು. ಭಾಷೆಗಳನ್ನು ಹೋಲಿಸಲು ಅನುಕೂಲವಾಗಲಿ ಎಂದು ಬಹುತೇಕ ಎಲ್ಲರಿಂದಲೂ ಹೇಳಿಸಿದ್ದು ಒಂದೇ ಕಥೆ: ಬೈಬಲ್ಲಿನ ದಾರಿ ತಪ್ಪಿದ ಮಗನದು. ಊರೂರಿಗೆ ಹೋಗಿ, ಬೆಟ್ಟ ಕಾಡಿನ ಜನರನ್ನೂ ಕರೆತಂದು, ‘ನಿನ್ನ ಕಥೆ ಬೇಡ, ನಮ್ಮ ಕಥೆಯನ್ನು ನಿನ್ನ ಮಾತಿನಲ್ಲಿ ಹೇಳು’ ಎಂದ ಹಾಗಾಯಿತು. ಇದನ್ನು ಓದಿದಾಗ ನಗು ಬಂತು. ಆಮೇಲೆ ನಮ್ಮ ಕೇಂದ್ರದ ಪ್ರಶ್ನಾವಳಿಗಳು ನೆನಪಾಗಿ ನಗು ನಿಂತಿತು.

ಪಾಡ್‌ಕಾಸ್ಟ್‌ಗೆ ಬರುತ್ತೇನೆ. ಅದಕ್ಕೂ ಮುನ್ನ ಪದದ ಜಗಳವೊಂದು ಮುಗಿಯಬೇಕು. ಮೂಲನಿವಾಸಿ, ಆದಿವಾಸಿ, ಬುಡಕಟ್ಟು, ಗಿರಿಜನ: ಸರ್ಕಾರಿ ಕಡತದಲ್ಲಿ ಒಂದು, ಚಳವಳಿಯ ಕರಪತ್ರದಲ್ಲಿ ಒಂದು. 2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಮತಕ್ಕೆ ಹಾಕಿದಾಗ ವಿರುದ್ಧ ಮತ ಹಾಕಿದ ದೇಶಗಳು ನಾಲ್ಕೇ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಈ ಪಾಡ್‌ಕಾಸ್ಟ್‌ಗಳಲ್ಲಿ ಹೆಚ್ಚಿನವು ಬಂದದ್ದೂ ಅವೇ ನಾಲ್ಕು ದೇಶಗಳಿಂದ. ಮುಂದೆ ನಾಲ್ಕೂ ದೇಶಗಳು ನಿಲುವು ಬದಲಿಸಿದವು ಎನ್ನುವುದು ಬೇರೆ. ಭಾರತ ಅಂದು ಪರವಾಗಿಯೇ ಮತ ಹಾಕಿತು. ಆದರೆ ಇಲ್ಲಿರುವವರೆಲ್ಲರೂ ಮೂಲನಿವಾಸಿಗಳೇ ಎನ್ನುವುದು ನಮ್ಮ ಸರ್ಕಾರದ ನಿಲುವು. ಹೀಗೆಂದರೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಇರಲಿ.

ನಾನು ಹೆಚ್ಚು ಕೇಳಿದ್ದು ಕಾನಿ ವಾಕರ್ ಎಂಬ ಪತ್ರಕರ್ತೆಯನ್ನು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಓಕನೀಸ್ ಫಸ್ಟ್ ನೇಷನ್ ಎಂಬ ಮೂಲನಿವಾಸಿ ಸಮುದಾಯದವರು, ಕ್ರೀ ಜನಾಂಗ. ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿಯಲ್ಲಿ ವರ್ಷಗಟ್ಟಲೆ ವರದಿಗಾರ್ತಿ. 2016ರಲ್ಲಿ ಅವರು ಆಲ್ಬರ್ಟಾ ವಿಲಿಯಮ್ಸ್ ಎಂಬ ಯುವತಿಯ ಕೊಲೆಯ ಬಗ್ಗೆ ಪಾಡ್‌ಕಾಸ್ಟ್ ಮಾಡಿದರು. 1989ರಲ್ಲಿ ಬ್ರಿಟಿಷ್ ಕೊಲಂಬಿಯಾದ ಹದಿನಾರನೇ ಹೆದ್ದಾರಿಯ ಬಳಿ ನಡೆದ, ಇನ್ನೂ ಬಗೆಹರಿಯದ ಕೊಲೆ. ಎಷ್ಟೋ ಮೂಲನಿವಾಸಿ ಹೆಣ್ಣುಮಕ್ಕಳು ಕಾಣೆಯಾದ ಆ ರಸ್ತೆಗೆ ಅಲ್ಲಿಯ ಜನ ಕಣ್ಣೀರಿನ ಹೆದ್ದಾರಿ ಎಂದು ಹೆಸರಿಟ್ಟಿದ್ದಾರೆ.

ಕೊಲೆ ಮಾಡಿದವರು ಯಾರು ಎಂಬ ಕುತೂಹಲಕ್ಕೆ ಇಯರ್‌ಫೋನ್ ಹಾಕಿಕೊಂಡ ಕೇಳುಗ ಮೂರನೇ ಕಂತಿನ ಹೊತ್ತಿಗೆ ಒಂದು ದೇಶದ ಕಾಯ್ದೆಗಳ ನಡುವೆ ನಿಂತಿರುತ್ತಾನೆ. ಇದು ವಾಕರ್ ಅವರ ಜಾಣತನ. 2018ರಲ್ಲಿ ಬಂದ ‘ಫೈಂಡಿಂಗ್ ಕ್ಲಿಯೋ’ದಲ್ಲಿ ಅದು ಇನ್ನೂ ಪಕ್ವವಾಗಿದೆ. 1950ರ ದಶಕದಿಂದ 80ರ ದಶಕದ ತನಕ ಕೆನಡಾದ ಅಧಿಕಾರಿಗಳು ಸಾವಿರಾರು ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತು ಬಿಳಿಯರ ಮನೆಗಳಿಗೆ ದತ್ತು ಕೊಟ್ಟರು. ಸಸ್ಕಾಚೆವನ್‌ನಲ್ಲಂತೂ 1967ರಿಂದ ಇದಕ್ಕೊಂದು ಯೋಜನೆಯೇ ಇತ್ತು. ಪತ್ರಿಕೆಯಲ್ಲಿ, ಟಿವಿಯಲ್ಲಿ ಮಕ್ಕಳ ಜಾಹೀರಾತು ಬರುತ್ತಿತ್ತು. ನಾವು ‘ವಧು ಬೇಕಾಗಿದೆ’ ಪುಟ ನೋಡುವ ಹಾಗೆ ಅಲ್ಲಿ ಮಗುವಿನ ಫೋಟೋ, ವಯಸ್ಸು, ಸ್ವಭಾವ. ಹೀಗೆ ಚೆದುರಿದ ಒಂದು ಕುಟುಂಬದ ಮಕ್ಕಳು ದೊಡ್ಡವರಾಗಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಕ್ಲಿಯೋ ಎಂಬ ಸೋದರಿ ಮಾತ್ರ ಸಿಗಲಿಲ್ಲ. ಮನೆಗೆ ಹಿಂದಿರುಗಲು ಓಡಿಬರುವಾಗ ದಾರಿಯಲ್ಲಿ ಯಾರೋ ಕೊಂದರು ಎಂಬ ಸುದ್ದಿ ಮಾತ್ರ ಅವರ ಬಳಿ ಇತ್ತು. ವಾಕರ್ ಹುಡುಕಿದರು. ಹುಡುಗಿ ಸತ್ತಿದ್ದು ನ್ಯೂಜೆರ್ಸಿಯಲ್ಲಿ, 1978ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ತಾನೇ ಜೀವ ಕಳೆದುಕೊಂಡಿದ್ದಳು. ಕೊಲೆಗಾರನನ್ನು ಹುಡುಕುತ್ತ ಹೊರಟ ಕಥೆಗೆ ಕೊಲೆಗಾರನೇ ಇಲ್ಲ. ಹತ್ತು ಕಂತು ಕೇಳಿದವನಿಗೆ ಬೆರಳು ಯಾರ ಕಡೆ ತೋರಿಸಬೇಕೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಮೂರನೆಯದು ಆಕೆಯ ಸ್ವಂತ ತಂದೆಯ ಕಥೆ. ‘ಸ್ಟೋಲನ್’ ಸರಣಿಯ ಎರಡನೇ ಭಾಗ, 2022ರಲ್ಲಿ ಬಂದದ್ದು. ತಂದೆ ಪೊಲೀಸ್ ಅಧಿಕಾರಿಯಾಗಿದ್ದವರು. 1970ರ ದಶಕದ ಕೊನೆಯಲ್ಲಿ ಒಂದು ರಾತ್ರಿ, ಬಯಲು ಸೀಮೆಯ ರಸ್ತೆಯಲ್ಲಿ, ಕುಡಿದು ಓಡಿಸುತ್ತಿರಬಹುದೆಂಬ ಅನುಮಾನದಿಂದ ಒಂದು ಕಾರನ್ನು ನಿಲ್ಲಿಸುತ್ತಾರೆ. ಒಳಗೆ ಕುಳಿತವನ ಮುಖ ನೋಡುತ್ತಾರೆ: ಬಾಲ್ಯದಲ್ಲಿ ವಸತಿ ಶಾಲೆಯಲ್ಲಿ ತಮ್ಮ ಮೇಲೆ ದೌರ್ಜನ್ಯ ಎಸಗಿದ ಪಾದ್ರಿ. ಆ ರಾತ್ರಿ ಅವನನ್ನು ಎಳೆದು ಹಾಕಿ ಹೊಡೆಯುತ್ತಾರೆ. ಮಗಳಿಗೆ ಇದು ತಿಳಿದದ್ದು 2021ರಲ್ಲಿ, ತಂದೆ ತೀರಿಕೊಂಡ ಬಳಿಕ, ಸಹೋದರ ಫೇಸ್‌ಬುಕ್ಕಿನಲ್ಲಿ ಬರೆದಾಗ.

ವಸತಿ ಶಾಲೆ ಎಂದರೆ ನಮಗೆ ಮೊರಾರ್ಜಿ ಶಾಲೆ ನೆನಪಾಗುತ್ತದೆ. ಸೀಟು ಸಿಕ್ಕರೆ ಪುಣ್ಯ ಎನ್ನುವ ಜಾಗ. ಕೆನಡಾದಲ್ಲಿ ಆ ಪದ ಹೇಳಿದರೆ ಮುದುಕರು ಮಾತು ನಿಲ್ಲಿಸುತ್ತಾರೆ. ಸರ್ಕಾರದ ಹಣ, ಚರ್ಚಿನ ಆಡಳಿತ. ನೂರು ವರ್ಷಕ್ಕೂ ಹೆಚ್ಚು ಕಾಲ ಸುಮಾರು 1,50,000 ಮಕ್ಕಳನ್ನು ಮನೆಯಿಂದ ತೆಗೆದು ಅಲ್ಲಿಗೆ ಹಾಕಿದರು. ಕೂದಲು ಕತ್ತರಿಸಿದರು, ತಾಯಿನುಡಿ ಆಡಿದರೆ ಶಿಕ್ಷಿಸಿದರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ವಾಕರ್ ಅವರ ತಂದೆ ಓದಿದ ಡಕ್ ಲೇಕ್‌ನ ಸೇಂಟ್ ಮೈಕಲ್ಸ್ ಬಾಗಿಲು ಹಾಕಿದ್ದು 1996ರಲ್ಲಿ. ನಾನು ಇಲ್ಲಿ ಸ್ಪೂಲ್ ಅಳಿಸುತ್ತಿದ್ದಾಗ ಅಲ್ಲಿ ಆ ಶಾಲೆಯ ಗಂಟೆ ಬಾರಿಸುತ್ತಲೇ ಇತ್ತು.

ಈ ಪಾಡ್‌ಕಾಸ್ಟ್‌ನಲ್ಲಿ ನನ್ನಂಥ ಕಸುಬುದಾರನ ಕಿವಿಗೆ ಬೀಳುವುದು ಬೇರೆ ಸಂಗತಿ. ಆಕೆ ಮಾತಾಡಿಸುವವರಲ್ಲಿ ಚಿಕ್ಕಪ್ಪಂದಿರಿದ್ದಾರೆ, ಅತ್ತೆಯರಿದ್ದಾರೆ. ಅವರೂ ಅದೇ ಶಾಲೆಯಲ್ಲಿದ್ದವರು. ನಮ್ಮ ಹಳ್ಳಿಗಳಲ್ಲಿ ಹೊಸಬರು ಹೋದರೆ ‘ಯಾರ ಮಗಳಮ್ಮಾ ನೀನು?’ ಎಂದು ಮೊದಲು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಉತ್ತರವಿರುವವಳು ಮೈಕು ಹಿಡಿದರೆ ಮಾತಿನ ದಾರಿಯೇ ಬೇರೆ. ತಪ್ಪು ಮಾಡಿದರೆ ಮುಂದಿನ ಹಬ್ಬಕ್ಕೆ ಅವರ ಮನೆಗೇ ಹೋಗಿ ಕೂರಬೇಕು. ನಾನು ಜೀಪು ಹತ್ತಿ ಬಂದೆ, ಮತ್ತೆ ಹೋಗಲೇ ಇಲ್ಲ. ಎಡಿಟಿಂಗ್‌ನಲ್ಲಿಯೂ ಅದು ಗೊತ್ತಾಗುತ್ತದೆ. ವೃದ್ಧರೊಬ್ಬರು ಸುಮ್ಮನಾದಾಗ ನಾನಾಗಿದ್ದರೆ ಬ್ಲೇಡ್ ಹಾಕುತ್ತಿದ್ದೆ. ಮೌನ ಪ್ರಸಾರವಾದರೆ ಡ್ಯೂಟಿ ಆಫೀಸರ್ ಫೋನ್ ಎತ್ತುತ್ತಿದ್ದ. ಇಲ್ಲಿ ಆ ಮೌನ ಹಾಗೇ ಉಳಿದಿದೆ. ಕೆರೆ ಏರಿಯ ಮೇಲೆ ಎರಡು ಸಲ ಫೋನ್ ಕೆಟ್ಟಿತೆಂದು ತೆಗೆದು ನೋಡಿದ್ದೇನೆ.

ಈ ಶಾಲೆಗಳಿಗೆ ಸಂಬಂಧಪಟ್ಟ ಒಂದು ನ್ಯಾಯಾಲಯದ ತೀರ್ಪಿದೆ. ಪಾಡ್‌ಕಾಸ್ಟ್ ಕೇಳಿ ಅದನ್ನು ಓದಲು ಹೋದೆ, ಓದಿ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ದೌರ್ಜನ್ಯಕ್ಕೆ ಪರಿಹಾರ ಕೊಡಲು ಕೆನಡಾ ಒಂದು ಪ್ರಕ್ರಿಯೆ ಮಾಡಿತ್ತು. ಸುಮಾರು 38,000 ಜನ ಮುಚ್ಚಿದ ಕೋಣೆಯಲ್ಲಿ, ಗೋಪ್ಯತೆಯ ಭರವಸೆಯ ಮೇಲೆ, ತಮಗಾದದ್ದನ್ನು ಹೇಳಿಕೊಂಡರು. ಆ ದಾಖಲೆಗಳನ್ನು ಏನು ಮಾಡಬೇಕು? ಇತಿಹಾಸಕ್ಕೆ ಬೇಕು, ಉಳಿಸಿ ಎಂದಿತು ಸರ್ಕಾರ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳಿತು: ಹದಿನೈದು ವರ್ಷ ಕಾದಿಡಿ, ಹೇಳಿದವರು ತಾವಾಗಿ ಉಳಿಸಿ ಎಂದು ಕೇಳಿದರೆ ಉಳಿಸಿ, ಕೇಳದಿದ್ದರೆ ನಾಶಮಾಡಿ.

ನಮ್ಮಂಥವರಿಗೆ ದಾಖಲೆ ನಾಶ ಎಂದರೆ ಪಾಪ. ನಾನೂ ಮೊದಲು ಸಿಟ್ಟಾದೆ. ಮೂರು ಸ್ಪೂಲ್ ಅಳಿಸಿದವನು ಸಿಟ್ಟಾಗುವುದೇ ತಮಾಷೆ ಅನ್ನಿ. ನಿದ್ದೆಗೆಟ್ಟದ್ದು ಬೇರೆ ಕಾರಣಕ್ಕೆ. ಇಲ್ಲಿಯವರೆಗೆ ಯಾರಿಗೂ ಹೇಳದ ಸಂಗತಿ: 1986ರ ಆ ಸಂಜೆ, ಎರಡನೇ ಸ್ಪೂಲ್ ಮುಗಿದ ಮೇಲೆ ಅಜ್ಜಿ ಹೇಳಿದ್ದರು, ‘ಇನ್ನು ಮುಂದಿನದು ಪೆಟ್ಟಿಗೆಗಲ್ಲ ಸ್ವಾಮಿ. ಅದನ್ನು ನಿಲ್ಲಿಸಿ. ಇದು ನಮ್ಮವರು ಕೇಳುವುದು.’ ನಾನು ‘ಆಗಲಿ ಅಜ್ಜಿ’ ಎಂದೆ. ಮೂರನೇ ಸ್ಪೂಲ್ ಹಾಕಿ, ಸ್ಪೂಲ್ ತಿರುಗುವುದು ಕಾಣದ ಹಾಗೆ ಯಂತ್ರವನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಮೇಲೆ ಟವೆಲ್ ಹಾಕಿದೆ. ಮೈಕು ಅವರ ಮುಂದೆಯೇ ಇತ್ತು. ಅದು ಬದುಕಿದೆಯೋ ಸತ್ತಿದೆಯೋ ನೋಡಿದರೆ ತಿಳಿಯುವುದಿಲ್ಲವಲ್ಲ. ಆ ಹಾಡು ಎಲ್ಲಕ್ಕಿಂತ ಚೆನ್ನಾಗಿತ್ತು. ಪ್ರಸಾರವಾದ ನಾಲ್ಕು ನಿಮಿಷ ಅದೇ. ಮೇಲಧಿಕಾರಿಗಳು ಬೆನ್ನು ತಟ್ಟಿದರು.

ಮುಂದೆ ಹೋಗೋಣ.

ವಾಕರ್ ಅವರ ಆ ಸರಣಿಗೆ 2023ರಲ್ಲಿ ಧ್ವನಿ ವರದಿಗಾರಿಕೆಯ ಪುಲಿಟ್ಜರ್ ಪ್ರಶಸ್ತಿ ಬಂತು, ಪೀಬಾಡಿ ಪ್ರಶಸ್ತಿಯೂ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಹೊರತಂದಿದ್ದ ಸ್ಪಾಟಿಫೈ ಕಂಪನಿ ಖರ್ಚು ಕಡಿತದ ಹೆಸರಿನಲ್ಲಿ ‘ಸ್ಟೋಲನ್’ ಅನ್ನು ನಿಲ್ಲಿಸಿತು. ಪಾಡ್‌ಕಾಸ್ಟ್ ಎಂದರೆ ಯಾರ ಹಂಗೂ ಇಲ್ಲದ ಮಾಧ್ಯಮ ಎಂದು ನಿಮಗೆ ಯಾರಾದರೂ ಹೇಳಿದರೆ ಈ ಎರಡು ತಾರೀಖುಗಳನ್ನು ನೆನಪಿಸಿ. ನಮ್ಮ ಕಾಲದಲ್ಲಿ ಟೇಪಿನ ಬರ, ಈಗ ಷೇರುದಾರರ ಹಂಗು. ಇನ್ನೊಂದು ತಕರಾರೂ ನನಗಿದೆ. ಈ ಮಾರುಕಟ್ಟೆಗೆ ಪ್ರತಿ ಸಲವೂ ಒಂದು ಹೆಣ ಬೇಕು. ಸತ್ತ ಹೆಣ್ಣುಮಗಳ ಮೂಲಕವಲ್ಲದೆ ಆ ಜನರ ಮನೆಯ ಒಳಕ್ಕೆ ಹೋಗಲು ದಾರಿಯೇ ಇಲ್ಲವೇನೋ ಎನ್ನಿಸುವಷ್ಟು ಕೊಲೆಯ ಸರಣಿಗಳು ಬಂದಿವೆ. ವಾಕರ್ ಆ ಬಾಗಿಲನ್ನು ಚೆನ್ನಾಗಿ ಬಳಸಿದರು. ಎಲ್ಲರೂ ವಾಕರ್ ಅಲ್ಲ.

ಆದ್ದರಿಂದಲೇ ‘ಕಾಫಿ ವಿತ್ ಮೈ ಮಾ’ ನನಗೆ ಬಹಳ ಇಷ್ಟ. ಕನಿಯೆತೀಯೊ ಹಾರ್ನ್ ಎಂಬ ನಟಿ ತಮ್ಮ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಹಳೆಯ ಕಥೆಗಳನ್ನು ಹೇಳಿಸುತ್ತಾರೆ. ಅಷ್ಟೇ. ಮಾಂಟ್ರಿಯಲ್ ಪಕ್ಕದ ಕಾನವಾಕೆಯ ಮೊಹಾಕ್ ಕುಟುಂಬ. ತಾಯಿ ಕಾನ್‌ಟಿನೇಟಾ ಹಾರ್ನ್ ಒಂದು ಕಾಲದ ಹೆಸರಾಂತ ಮಾಡೆಲ್, ಆಮೇಲೆ ಹೋರಾಟಗಾರ್ತಿ. ಮಾತಿನ ಮಧ್ಯೆ ಇಬ್ಬರೂ ನಗುತ್ತಾರೆ, ತಾಯಿ ಒಂದು ಕಥೆಯಿಂದ ಇನ್ನೊಂದಕ್ಕೆ ಹಾರುತ್ತಾರೆ, ಮಗಳು ಎಳೆದು ತರುತ್ತಾರೆ. ಗಾಲ್ಫ್ ಮೈದಾನ ದೊಡ್ಡದು ಮಾಡಲು ಮೊಹಾಕರ ಸ್ಮಶಾನವಿದ್ದ ಪೈನ್ ತೋಪನ್ನು ಕಡಿಯಲು ಹೊರಟಾಗ, 1990ರಲ್ಲಿ ಓಕಾದಲ್ಲಿ 78 ದಿನ ಪ್ರತಿರೋಧ ನಡೆಯಿತು, ಸೇನೆ ಬಂತು. ಕೊನೆಯ ದಿನ ಹದಿನಾಲ್ಕು ವರ್ಷದ ಅಕ್ಕ ವನೀಕ್, ನಾಲ್ಕು ವರ್ಷದ ತಂಗಿಯನ್ನು ಎತ್ತಿಕೊಂಡು ಹೊರಬರುವಾಗ ಸೈನಿಕನ ಬಯೋನೆಟ್ ಎದೆಗೆ ತಾಗಿತು. ಆ ಅಕ್ಕ ಹತ್ತು ವರ್ಷದ ನಂತರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕೆನಡಾದ ವಾಟರ್ ಪೋಲೋ ತಂಡದಲ್ಲಿ ಆಡಿದರು. ಅಂದು ಅವರ ಕೈಯಲ್ಲಿದ್ದ ತಂಗಿಯೇ ಈ ಪಾಡ್‌ಕಾಸ್ಟ್‌ನ ಕನಿಯೆತೀಯೊ. ಇಷ್ಟೆಲ್ಲ ಬೆನ್ನಿಗಿದ್ದೂ ಕಾಫಿ ಆರುತ್ತದೆ ಎಂದು ತಾಯಿಯನ್ನು ಗದರಿಸುವ ಮಗಳ ದನಿ ಇದೆಯಲ್ಲ, ಅದನ್ನು ಯಾವ ಬಾನುಲಿ ಕೇಂದ್ರವೂ ‘ಮೂಲನಿವಾಸಿ ಸಂಸ್ಕೃತಿ’ ಎಂಬ ಶೀರ್ಷಿಕೆಯ ಕೆಳಗೆ ಪ್ರಸಾರ ಮಾಡುತ್ತಿರಲಿಲ್ಲ. ನಾವು ಡೋಲು ಕೇಳುತ್ತಿದ್ದೆವು.

ಕಾನೂನು ಓದುವವರಿದ್ದರೆ ರೆಬೆಕಾ ನೇಗಲ್ ಅವರ ‘ದಿಸ್ ಲ್ಯಾಂಡ್’ ಕೇಳಿ. ಚೆರೋಕಿ ಪತ್ರಕರ್ತೆ, 2019ರದು. ಒಕ್ಲಹೋಮಾದಲ್ಲಿ ಒಂದು ಕೊಲೆ, ಮರಣದಂಡನೆ. ಅಪರಾಧಿಯ ವಕೀಲರು ಎತ್ತಿದ ಪ್ರಶ್ನೆ, ಹೆಣ ಬಿದ್ದ ಜಾಗ ಯಾರದು? ರಾಜ್ಯದ್ದೋ, ಒಪ್ಪಂದದಿಂದ ಮಸ್ಕೋಗೀ ಜನಕ್ಕೆ ಬಿಟ್ಟುಕೊಟ್ಟು, ಆಮೇಲೆ ಎಲ್ಲರೂ ಮರೆತುಬಿಟ್ಟ ಪ್ರದೇಶವೋ? ಅದೇ ಪ್ರಶ್ನೆ ಇದ್ದ ಇನ್ನೊಂದು ಮೊಕದ್ದಮೆಯಲ್ಲಿ, 2020ರ ಜುಲೈ 9ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಮಸ್ಕೋಗೀಗಳ ಪರ ನಿಂತಿತು. ನೇಗಲ್ ಅವರ ಪೂರ್ವಿಕರು ಚೆರೋಕಿಗಳ ನೆಲವನ್ನು ಬಿಟ್ಟುಕೊಟ್ಟ 1835ರ ಒಪ್ಪಂದಕ್ಕೆ ಸಹಿ ಹಾಕಿ, ಆ ತಪ್ಪಿಗೆ ಸ್ವಜನರ ಕೈಯಲ್ಲೇ ಹತರಾದವರು. ಅದನ್ನೂ ಆಕೆ ಮುಚ್ಚಿಡದೆ ಹೇಳುತ್ತಾರೆ.

ನ್ಯೂಜಿಲೆಂಡಿನ ಮಾವೋರಿಗಳಲ್ಲಿ ಒಂದು ಪಾಡ್‌ಕಾಸ್ಟ್‌ನ ಹೆಸರೇ ‘ತರಿಂಗ’, ಕಿವಿ ಎಂದರ್ಥ. ಅದಕ್ಕಿಂತ ನನಗೆ ಮುಖ್ಯವಾದದ್ದು ತೆ ಹಿಕು ಮೀಡಿಯಾ ಎಂಬ ಬಾನುಲಿ ಸಂಸ್ಥೆ. ಹಿರಿಯರ ದನಿಯ ಹಳೆಯ ಸಂಗ್ರಹವನ್ನು ಕಂಪ್ಯೂಟರ್ ತಾನೇ ಬರಹಕ್ಕೆ ಇಳಿಸುವಂತಾಗಬೇಕು ಎಂದು 2018ರಲ್ಲಿ ಜನರಿಗೆ ಕರೆ ಕೊಟ್ಟರು: ಮಾವೋರಿ ವಾಕ್ಯಗಳನ್ನು ಓದಿ ಕಳಿಸಿ ಎಂದು. ಹತ್ತು ದಿನದಲ್ಲಿ ಸುಮಾರು 2,500 ಜನ ಮುನ್ನೂರು ಗಂಟೆಗೂ ಮೀರಿದ ದನಿ ಕೊಟ್ಟರು. ಮಾವೋರಿ ದನಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ ಎಂದು ಅಮೆರಿಕದ ಕಂಪನಿ ಬಂದಾಗ ಕೊಡುವುದಿಲ್ಲ ಎಂದರು. ನೆಲ ಹೋಯಿತು, ನುಡಿಯೂ ಹೋಗುವುದರಲ್ಲಿತ್ತು. ಉಳಿಸಿಕೊಂಡ ನುಡಿಯನ್ನು ಹೊರಗಿನವರಿಗೆ ಮಾರಿ ಅವರಿಂದಲೇ ಮತ್ತೆ ಕೊಳ್ಳಬೇಕೇ ಎನ್ನುವುದು ಅವರ ವಾದ. ದನಿಯ ಬಳಕೆಗೆ ತಮ್ಮದೇ ಒಂದು ಪರವಾನಗಿ ಬರೆದುಕೊಂಡಿದ್ದಾರೆ. ಅದರ ಪ್ರಕಾರ ಅವರು ಒಡೆಯರಲ್ಲ, ಕಾಯುವವರು.

‘ಇದೆಲ್ಲ ಅಲ್ಲಿಯದು, ಇಲ್ಲಿ?’ ಎಂದು ನೀವು ಕೇಳುವ ಮೊದಲು ಹೇಳುತ್ತೇನೆ. ‘ಆಕಾಶವಾಣಿ’ ಎಂದು ಹೆಸರಾದ ಬಾನುಲಿ 1935ರಲ್ಲಿ ಪ್ರಾಧ್ಯಾಪಕ ಗೋಪಾಲಸ್ವಾಮಿಯವರ ಮನೆಯಲ್ಲಿ ಹುಟ್ಟಿದ್ದು ಇದೇ ಮೈಸೂರಿನಲ್ಲಿ ಎನ್ನುವುದು ನಿಮಗೆ ಗೊತ್ತು. 2010ರಿಂದ ಕೆಲವು ಕಾಲ ಛತ್ತೀಸಗಡದ ಕಾಡಿನ ಗೊಂಡರು ತಮ್ಮ ಸುದ್ದಿ ಹೇಳಲು ಬೆಂಗಳೂರಿನ ನಂಬರಿಗೆ ಫೋನ್ ಮಾಡುತ್ತಿದ್ದರು ಎನ್ನುವುದು ಗೊತ್ತೇ? ಸಿಜಿನೆಟ್ ಸ್ವರ ಎಂದು ಅದರ ಹೆಸರು. ಶುಭ್ರಾಂಶು ಚೌಧರಿ ಎಂಬ ಪತ್ರಕರ್ತರು, ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದವರ ನೆರವಿನಿಂದ ಕಟ್ಟಿದ್ದು. ಮೊದಮೊದಲ ನಂಬರು 080ರಿಂದ ಶುರುವಾಗುತ್ತಿತ್ತು. ಹೇಳಲು ಒಂದು ಒತ್ತಿ, ಕೇಳಲು ಎರಡು ಒತ್ತಿ; ಇಂಟರ್‌ನೆಟ್ ಬೇಡ, ಓದು ಬೇಡ, ಸಾದಾ ಫೋನ್ ಸಾಕು. ಕೂಲಿ ಬಂದಿಲ್ಲ, ಕೈಪಂಪು ಕೆಟ್ಟಿದೆ, ಮೇಷ್ಟ್ರು ಬರುತ್ತಿಲ್ಲ, ಅರಣ್ಯ ಸಿಬ್ಬಂದಿ ಲಂಚ ತಿಂದರು. ನಡುವೆ ಒಂದು ಹಾಡು. ಗೊಂಡಿ ಆಡುವವರು 2011ರ ಜನಗಣತಿಯ ಪ್ರಕಾರ ಸುಮಾರು 30 ಲಕ್ಷ. ಅಷ್ಟು ಜನಕ್ಕೆ ಅವರ ಭಾಷೆಯಲ್ಲಿ ಸುದ್ದಿ ಕೇಳುವ ಜಾಗ ಬೇರೆ ಹೆಚ್ಚೇನೂ ಇರಲಿಲ್ಲ. ಆಮೇಲೆ ಅದೇ ಧ್ವನಿಗಳನ್ನು ಸಂತೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಬ್ಲೂಟೂತ್‌ನಲ್ಲಿ ದಾಟಿಸುವ ಕೆಲಸವೂ ನಡೆಯಿತು. ಜನ ಬ್ಲೂಟೂತ್ ಅನ್ನು ‘ಬುಲ್ಟೂ’ ಎನ್ನುತ್ತಿದ್ದರು. ಅದು ಬುಲ್ಟೂ ರೇಡಿಯೋ ಆಯಿತು. ಈ ಹೆಸರಿಗೆ ನಾನು ನನ್ನ ಮೂವತ್ತೊಂದು ವರ್ಷದ ಎಲ್ಲ ಕಾರ್ಯಕ್ರಮಗಳ ಹೆಸರುಗಳನ್ನೂ ನಿವಾಳಿಸಿ ಹಾಕಬಲ್ಲೆ.

ನಮ್ಮ ಸರಗೂರಿನಲ್ಲಿ ‘ಜನಧ್ವನಿ’ ಎಂಬ ಸಮುದಾಯ ಬಾನುಲಿ ಇದೆ. ಸುತ್ತಲಿನ ಹಾಡಿಗಳಿಗೂ ತಲುಪುತ್ತದೆ. ಆದರೆ ಈ ದೇಶದ ಸಮುದಾಯ ಬಾನುಲಿಗಳಿಗೆ ಒಂದು ಕಟ್ಟಿದೆ, ತಾವೇ ಸುದ್ದಿ ತಯಾರಿಸಿ ಹೇಳುವಂತಿಲ್ಲ. ಹಾಡು ಹೇಳಬಹುದು, ಆ ಹಾಡು ಹುಟ್ಟಿದ ಕಾಡಿನಿಂದ ಜನರನ್ನು ಎಬ್ಬಿಸಿದ ಸುದ್ದಿ ಹೇಳುವುದು ಕಷ್ಟ. ಆ ಕಟ್ಟು ಪಾಡ್‌ಕಾಸ್ಟ್‌ಗೆ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಕೆಲಸ ಹುಡುಕುವ ಮನಸ್ಸಿದ್ದರೆ, ಜಾಗ ಖಾಲಿ ಇದೆ ಎಂದಷ್ಟೇ ಹೇಳುತ್ತೇನೆ.

ಈ ವರ್ಷದ ಆರಂಭದಲ್ಲಿ ಧೈರ್ಯ ಮಾಡಿ ಆ ಹಾಡಿಗೆ ಹೋದೆ. ಈಗ ರಸ್ತೆ ಇದೆ, ಆಟೋ ಹೋಗುತ್ತದೆ. ಹುಡುಗಿ ಮನೆಯ ಮುಂದೆಯೇ ಕಾದಿದ್ದಳು. ಅಜ್ಜಿಯ ಮಗಳು, ಅವರೂ ಈಗ ಮುದುಕಿ, ಚಾಪೆ ಹಾಕಿದರು. ಕುಳಿತ ಕೂಡಲೇ ಎರಡನ್ನೂ ಹೇಳಿಬಿಟ್ಟೆ: ಟೇಪು ಅಳಿಸಿದ್ದು, ಅದಕ್ಕೂ ಮೊದಲು ಟವೆಲ್ಲಿನ ಕೆಳಗೆ ಕದ್ದದ್ದು. ಹುಡುಗಿ ನನ್ನನ್ನು ನೋಡಿದಳು. ಮುದುಕಿ ನೋಡಲಿಲ್ಲ. ‘ಗೊತ್ತಿತ್ತು ಸ್ವಾಮಿ’ ಎಂದರು. ‘ಸೊಸೈಟಿಯವರ ಮನೆ ರೇಡಿಯೋದಲ್ಲಿ ಕೇಳಿದೆವು. ಅವ್ವನೂ ಕೇಳಿದಳು. ಆಮೇಲೆ ಅದನ್ನು ಅವಳು ಹಾಡಲಿಲ್ಲ. ನಮಗೂ ಹೇಳಿಕೊಡಲಿಲ್ಲ.’

ಹುಡುಗಿ ಟೇಪು ಕೇಳಿದ್ದು ಯಾಕೆಂದು ಆಗ ಅರ್ಥವಾಯಿತು. ಅವಳು ಹಾಡಿಯ ಹಿರಿಯರ ಮಾತು, ಹಾಡು, ಔಷಧಿಯ ಗಿಡಗಳ ಹೆಸರು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ತಮ್ಮವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದಾಳೆ. ಆ ಒಂದು ಹಾಡು ಮಾತ್ರ ಯಾರ ಬಾಯಲ್ಲೂ ಇಲ್ಲ.

‘ನಿಮಗೆ ಏನಾದರೂ ನೆನಪಿದೆಯೇ ಸಾರ್?’ ಎಂದಳು.

ಕತ್ತರಿಸುವಾಗ ನೂರು ಸಲ ಹಿಂದೆ ಮುಂದೆ ಓಡಿಸಿ ಕೇಳಿದ್ದೆನಲ್ಲ, ಎರಡು ಸಾಲಿನ ಧಾಟಿ ತಲೆಯಲ್ಲಿ ಕುಳಿತಿತ್ತು. ಪದಗಳಿರಲಿಲ್ಲ. ಅವಳು ಮೊಬೈಲನ್ನು ನನ್ನ ಮುಂದೆ, ಚಾಪೆಯ ಮೇಲೆ ಇಟ್ಟಳು. ಪರದೆ ನನಗೆ ಕಾಣುವ ಹಾಗೆ ಇಟ್ಟು, ಕೆಂಪು ಚುಕ್ಕೆಯನ್ನು ತೋರಿಸಿ, ‘ಈಗ ಶುರುವಾಗಿದೆ’ ಎಂದಳು. ಅರವತ್ತೈದರ ಗಂಟಲಿನಲ್ಲಿ ಗುನುಗಿದೆ. ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, ಎರಡನೇ ಸಾಲಿನ ಕೊನೆಯಲ್ಲಿ ನಾನು ಇಳಿಸಿದ ಸ್ವರವನ್ನು ಮೇಲಕ್ಕೆ ಎತ್ತಿ ತೋರಿಸಿದರು.

ಹುಡುಗಿ ಚುಕ್ಕೆಯನ್ನು ಒತ್ತಿ ನಿಲ್ಲಿಸಿದಳು. ‘ಸಾರ್, ಇದನ್ನು ಗುಂಪಿಗೆ ಹಾಕಬಹುದೇ, ಇಲ್ಲ ಮನೆಯಲ್ಲೇ ಇರಲೇ?’

‘ಅಜ್ಜಿಯನ್ನು ಕೇಳಮ್ಮ’ ಎಂದೆ.

‘ಅವರನ್ನು ಆಮೇಲೆ ಕೇಳುತ್ತೇನೆ. ಇದರಲ್ಲಿ ನಿಮ್ಮ ದನಿಯೂ ಇದೆಯಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದೆ. ‘ಮನೆಯಲ್ಲೇ ಇರಲಿ’ ಎಂದೆ.